ಗ್ಲೋ ಎಂಜಿನ್‌ಗೆ ಫ್ಯೂಯೆಲ್ ಮನೆಯಲ್ಲೇ ಮಿಕ್ಸ್ ಮಾಡಬಹುದಾ? ಯಾವ ಹರಳೆಣ್ಣೆ ಹಾಕಬೇಕು?

ಬಾಲ್ಸಾ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದವರು, ಆಗಿನಿಂದಲೂ ಮಾಡೆಲ್ ವಿಮಾನದ ಹುಚ್ಚು. ಈಗ ಅವರ ಹೈ ವಿಂಗ್ ಟ್ರೈನರ್ (ರೆಕ್ಕೆ ಮೇಲ್ಭಾಗದಲ್ಲಿರುವ, ಕಲಿಯುವವರ ಮಾಡೆಲ್ ವಿಮಾನ) ಮತ್ತು ಅದರ 46 ಸೈಜಿನ (0.46 ಘನ ಇಂಚಿನ) ಗ್ಲೋ ಎಂಜಿನ್ ನನಗೆ ಕೊಟ್ಟಿದ್ದಾರೆ. ಎಂಜಿನ್ ಎರಡು ಸ್ಟ್ರೋಕಿನದು, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಕಂಪ್ರೆಷನ್ ಗಟ್ಟಿಯಾಗಿದೆ, ಬೇರಿಂಗ್ ಸದ್ದು ಮಾಡುವುದಿಲ್ಲ. ಇಲ್ಲಿಯವರೆಗೆ ನಾನು ಎಲೆಕ್ಟ್ರಿಕ್ ಮಾತ್ರ ಹಾರಿಸಿದ್ದೇನೆ.

ಸಮಸ್ಯೆ ಫ್ಯೂಯೆಲ್‌ದು. ರೆಡಿಮೇಡ್ ಡಬ್ಬ ತರಿಸೋಣ ಅಂದರೆ ಬೆಂಕಿ ಹತ್ತುವ ಪದಾರ್ಥ ಅಂತ ಕೊರಿಯರ್‌ನವರು ಮುಟ್ಟುವುದಿಲ್ಲ, ಪ್ರತಿ ಸಲ ಬೆಂಗಳೂರಿಗೆ ಹೋಗಿ ತರುವುದೂ ಆಗದ ಮಾತು. ಮಾವ ಹೇಳುವ ಪ್ರಕಾರ ಅವರು ಮೆಥನಾಲ್‌ಗೆ ಹರಳೆಣ್ಣೆ ಬೆರೆಸಿ ತಾವೇ ಮಾಡಿಕೊಳ್ಳುತ್ತಿದ್ದರಂತೆ, ಆದರೆ ಅಳತೆ ಅವರಿಗೆ ಸರಿಯಾಗಿ ನೆನಪಿಲ್ಲ. ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೆಡಿಕಲ್ ಶಾಪಿನ ಸ್ಪಿರಿಟ್ ಸಾಕು ಅಂತ ಒಬ್ಬ, ಥಿನ್ನರ್ ಹಾಕು ಅಂತ ಇನ್ನೊಬ್ಬ, ಪೆಟ್ರೋಲ್‌ಗೆ 2ಟಿ ಆಯಿಲ್ ಬೆರೆಸು ಅಂತ ಮತ್ತೊಬ್ಬ. ಅಜ್ಜಿ ಮನೆಯಲ್ಲೇ ಹರಳೆಣ್ಣೆ ತೆಗೆಯುತ್ತಾರೆ, ಅದನ್ನೇ ಹಾಕಬಹುದಾ? ನೈಟ್ರೋ ಅಂತಾರಲ್ಲ, ಅದು ಬೇಕೇ ಬೇಕಾ? ಊರಾಚೆ ಬೀಳು ಹೊಲದಲ್ಲಿ ಹಾರಿಸುವುದು. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಕಂಟ್ರೋಲ್‌ಲೈನ್_ಮೈಸೂರು:

ತಮ್ಮಾ, ಆ ಎಂಜಿನ್ನಿಗೆ ಪೆಟ್ರೋಲ್ ಮಾತ್ರ ತೋರಿಸಬೇಡ. ಸ್ಪಿರಿಟ್ಟೂ ಬೇಡ, ಥಿನ್ನರ್ರೂ ಬೇಡ. ಯಾಕೆ ಅಂತ ಹೇಳುತ್ತೇನೆ, ಕಾರಣ ಗೊತ್ತಾದರೆ ಆಮೇಲೆ ಯಾರು ಏನು ಹೇಳಿದರೂ ನೀನೇ ನಿರ್ಧಾರ ಮಾಡಬಹುದು.

ಗ್ಲೋ ಎಂಜಿನ್‌ನಲ್ಲಿ ಕಿಡಿ ಹಾರುವುದಿಲ್ಲ. ಪ್ಲಗ್ ಒಳಗೆ ಪ್ಲಾಟಿನಂ ಸೇರಿದ ತೆಳು ತಂತಿಯ ಸುರುಳಿ ಇರುತ್ತದೆ. ಸ್ಟಾರ್ಟ್ ಮಾಡುವಾಗ ಒಂದೂವರೆ ವೋಲ್ಟ್ ಕೊಟ್ಟು ಅದನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಓಡಲು ಶುರುವಾದ ಮೇಲೆ ಬ್ಯಾಟರಿ ತೆಗೆದರೂ ತಂತಿ ಆರುವುದಿಲ್ಲ. ಕಂಪ್ರೆಷನ್ ಬಿಸಿ ಒಂದು ಕಡೆ, ಜೊತೆಗೆ ಮೆಥನಾಲ್ ಆವಿ ಪ್ಲಾಟಿನಂ ಮೈಗೆ ತಾಗಿದಾಗ ಅಲ್ಲೇ ಬಿಸಿ ಹುಟ್ಟುತ್ತದೆ. ಅಂದರೆ ಇಲ್ಲಿ ಮೆಥನಾಲ್ ಇಂಧನ ಮಾತ್ರ ಅಲ್ಲ, ಇಗ್ನಿಷನ್‌ನ ಅರ್ಧ ಭಾಗವೂ ಅದೇ. ಪೆಟ್ರೋಲ್‌ನಿಂದ ಈ ಕೆಲಸ ಆಗದು, ಅದಕ್ಕೇ ಪೆಟ್ರೋಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಬೇಕು. ಈ ಗ್ಲೋ ಪ್ಲಗ್ ಅಮೆರಿಕದ ರೇ ಆರ್ಡನ್ 1947ರಲ್ಲಿ ಮಾರುಕಟ್ಟೆಗೆ ತಂದದ್ದು. ಅದಕ್ಕೆ ಮುಂಚೆ ಮಾಡೆಲ್ ವಿಮಾನದವರು ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ಪುಟ್ಟ ವಿಮಾನದ ಮೇಲೆ ಹೊರಿಸಬೇಕಿತ್ತು.

ಇನ್ನು ಸ್ಪಿರಿಟ್. ಅಂಗಡಿಯಲ್ಲಿ ಸ್ಪಿರಿಟ್ ಅಂತ ಕೊಡುವುದರಲ್ಲಿ ಮುಖ್ಯವಾಗಿ ಇರುವುದು ಎಥನಾಲ್, ಅಥವಾ ಐಸೊಪ್ರೊಪೈಲ್, ಜೊತೆಗೆ ನೀರು. ನಮಗೆ ಬೇಕಾದದ್ದು ನೀರಿಲ್ಲದ ಶುದ್ಧ ಮೆಥನಾಲ್. ಥಿನ್ನರ್‌ನಲ್ಲಿ ಏನೇನು ಬೆರೆಸಿರುತ್ತಾರೆ ಅಂತ ಲೇಬಲ್ ನೋಡಿದರೂ ಗೊತ್ತಾಗುವುದಿಲ್ಲ. 2ಟಿ ಆಯಿಲ್ ಪೆಟ್ರೋಲ್‌ನಲ್ಲಿ ಕರಗುತ್ತದೆ, ಮೆಥನಾಲ್‌ನಲ್ಲಿ ಕರಗುವುದಿಲ್ಲ, ಬೇರೆಯಾಗಿ ನಿಲ್ಲುತ್ತದೆ. ಎಂಜಿನ್‌ಗೆ ಬರೀ ಮೆಥನಾಲ್ ಹೋಗಿ ಎಣ್ಣೆ ಇಲ್ಲದೆ ಪಿಸ್ಟನ್ ಹಿಡಿದುಬಿಡುತ್ತದೆ.

ಅಳತೆ ಬಹಳ ಸುಲಭ: 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ. ಒಂದು ಲೀಟರ್‌ಗೆ 800 ಎಂಎಲ್ ಮತ್ತು 200 ಎಂಎಲ್. ವಿಮಾನ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಐ ಕಂಟ್ರೋಲ್‌ಲೈನ್ (ತಂತಿ ಹಿಡಿದು ಸುತ್ತ ಹಾರಿಸುವ) ಸ್ಪೀಡ್ ಸ್ಪರ್ಧೆಗೆ ಎಲ್ಲರಿಗೂ ಒಂದೇ ಅಂತ ಇಟ್ಟಿರುವ ಫ್ಯೂಯೆಲ್ಲೂ ಇದೇ, ಅದಕ್ಕೇ ಇದನ್ನು ಎಫ್‌ಎಐ ಫ್ಯೂಯೆಲ್ ಅಂತಲೇ ಕರೆಯುತ್ತಾರೆ. ನೈಟ್ರೋ ಇಲ್ಲದೆಯೇ ಆ ಪುಟ್ಟ ಎಂಜಿನ್‌ಗಳು ಹುಚ್ಚು ವೇಗದಲ್ಲಿ ಹೋಗುತ್ತವೆ, ನಿನ್ನ ಟ್ರೈನರ್‌ಗೆ ಏನು ಕೊರತೆ ಹೇಳು.

ಈಗ ಅಜ್ಜಿಯ ಎಣ್ಣೆ ವಿಷಯ. ಹಳ್ಳಿಯಲ್ಲಿ ಹರಳು ಹುರಿದು, ಕುಟ್ಟಿ, ನೀರು ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆಯುತ್ತಾರೆ ಅಲ್ವಾ. ತಲೆಗೆ, ಮಗುವಿನ ಮೈಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಇಲ್ಲ. ಆದರೆ ಅದರಲ್ಲಿ ನೀರಿನ ಪಸೆ ಉಳಿದಿರುತ್ತದೆ, ಹಿಟ್ಟಿನ ಸಣ್ಣ ಕಣ ಇರುತ್ತದೆ, ಹುರಿದ ಕಪ್ಪೂ ಇರುತ್ತದೆ. ನೀಡಲ್ ವಾಲ್ವ್ (ಫ್ಯೂಯೆಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸೂಜಿಯಂಥ ತಿರುಪು) ಸಂದು ಎಷ್ಟು ಸಣ್ಣದು ಅಂತ ಒಮ್ಮೆ ಬಿಚ್ಚಿ ನೋಡು, ಅರ್ಥ ಆಗುತ್ತದೆ. ಗಾಣಕ್ಕೆ ಹಾಕಿ ಬಿಸಿ ಮಾಡದೆ ಹಿಂಡಿ ಚೆನ್ನಾಗಿ ಸೋಸಿದ ಎಣ್ಣೆ, ಅಥವಾ ಔಷಧಿ ದರ್ಜೆಯ ತಿಳಿ ಎಣ್ಣೆ ತಗೋ. ಹೇರ್ ಆಯಿಲ್ ಅಂತ ಮಾರುವುದನ್ನು ತಗೋಬೇಡ, ಅದರಲ್ಲಿ ಸುವಾಸನೆ, ಮಿನರಲ್ ಆಯಿಲ್ ಸೇರಿರಬಹುದು.

ಎಣ್ಣೆ ಶುದ್ಧವಾ ಅಂತ ನೋಡಲು ದಾರಿ ಇದೆ. ಸಣ್ಣ ಗಾಜಿನ ಬಾಟಲಿಯಲ್ಲಿ ನಾಲ್ಕು ಪಾಲು ಮೆಥನಾಲ್, ಒಂದು ಪಾಲು ಎಣ್ಣೆ ಹಾಕಿ ಅಲ್ಲಾಡಿಸಿ ಒಂದು ರಾತ್ರಿ ಬಿಡು. ಹರಳೆಣ್ಣೆ ಮೆಥನಾಲ್‌ನಲ್ಲಿ ಪೂರ್ತಿ ಕರಗುತ್ತದೆ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಮಿನರಲ್ ಆಯಿಲ್ ಕರಗುವುದಿಲ್ಲ. ಬೆಳಿಗ್ಗೆ ತಿಳಿಯಾಗಿದ್ದರೆ ಸರಿ. ಪದರ ಕಟ್ಟಿದ್ದರೆ ಕಲಬೆರಕೆ, ಮಸುಕಾಗಿದ್ದರೆ ನೀರೋ ಜಿಗಟೋ ಇದೆ. ಎರಡಾದರೂ ಎಂಜಿನ್‌ಗೆ ಹಾಕಬೇಡ.

ಎಣ್ಣೆ ಕಡಿಮೆ ಮಾಡಿದರೆ ಪವರ್ ಜಾಸ್ತಿ ಸಿಗುತ್ತದೆ ಅಂತ ಕೆಲವರು 10, 12 ಪರ್ಸೆಂಟ್‌ಗೆ ಇಳಿಸುತ್ತಾರೆ. ದಯವಿಟ್ಟು ಮಾಡಬೇಡ. ಈ ಎಂಜಿನ್‌ನಲ್ಲಿ ಬೇರೆ ಎಣ್ಣೆ ಟ್ಯಾಂಕೇ ಇಲ್ಲ, ಬೇರಿಂಗ್‌ಗೂ ಪಿಸ್ಟನ್‌ಗೂ ಸಿಗುವುದು ಫ್ಯೂಯೆಲ್ ಜೊತೆ ಬರುವ ಎಣ್ಣೆ ಮಾತ್ರ. ಹರಳೆಣ್ಣೆ ವಿಶೇಷ ಏನೆಂದರೆ ಎಂಜಿನ್ ಲೀನ್ ಆಗಿ (ಗಾಳಿಗೆ ಹೋಲಿಸಿದರೆ ಫ್ಯೂಯೆಲ್ ಕಡಿಮೆಯಾಗಿ) ವಿಪರೀತ ಕಾದಾಗಲೂ ಅದು ಲೋಹದ ಮೈ ಬಿಟ್ಟುಹೋಗುವುದಿಲ್ಲ. ಮೊದಲನೇ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗೂ ಹರಳೆಣ್ಣೆಯೇ ಹಾಕುತ್ತಿದ್ದರು, ಕ್ಯಾಸ್ಟ್ರಾಲ್ ಅನ್ನುವ ಹೆಸರೂ ಕ್ಯಾಸ್ಟರ್‌ನಿಂದಲೇ ಬಂದದ್ದು. ತೊಂದರೆ ಒಂದೇ, ದಿನ ಕಳೆದಂತೆ ಎಂಜಿನ್ ಮೈಮೇಲೆ ಕಂದು ವಾರ್ನಿಷ್ ಕಟ್ಟುತ್ತದೆ. ಅದನ್ನು ತೊಳೆಯಬಹುದು, ಹಿಡಿದ ಪಿಸ್ಟನ್ ವಾಪಸ್ ಬರುವುದಿಲ್ಲ.

ಲ್ಯಾಬ್_ಮಂಗಳೂರು:

ಮೇಲಿನ ಸರ್ ಎಂಜಿನ್ ಬಗ್ಗೆ ಹೇಳಿದ್ದು ಪೂರ್ತಿ ಸರಿ. ನಾನು ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ನಮ್ಮವರು ವಿಮಾನ ಹಾರಿಸುತ್ತಾರೆ, ಮನೆಯಲ್ಲಿ ಫ್ಯೂಯೆಲ್ ಬೆರೆಸುವ ಕೆಲಸ ನನ್ನದು. ಮೆಥನಾಲ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1981ರ ಜುಲೈನಲ್ಲಿ ಬೆಂಗಳೂರಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದ ವಿಷ ಇದೇ ಮೆಥನಾಲ್. 2008ರಲ್ಲಿ ಮತ್ತೆ ಬೆಂಗಳೂರು ಸುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಅದೇ ಆಯಿತು. ಹಾಗಾಗಿ ಕೆಮಿಕಲ್ ಅಂಗಡಿಯವರು ಯಾಕೆ, ಎಷ್ಟು, ಯಾರು ಅಂತ ಕೇಳಿ, ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡರೆ ಅದು ಸರಿಯಾದದ್ದೇ. ನಿಜ ಹೇಳಿ, ಬಿಲ್ ತಗೊಳ್ಳಿ, ಬಿಲ್ ಇಲ್ಲದೆ ಹಿಂಬಾಗಿಲಿಂದ ಕೊಡುವವರ ಹತ್ತಿರ ತಗೋಬೇಡಿ. ಲೈಸೆನ್ಸ್ ಕೇಳಿದರೆ ಕ್ಲಬ್ಬಿನ ಅಥವಾ ಕಾಲೇಜಿನ ಮೂಲಕ ತರಿಸುವ ದಾರಿ ನೋಡಿ.

ಕುಡಿದರೆ ಮಾತ್ರ ಅಪಾಯ ಅಂತ ಅಂದುಕೊಳ್ಳಬೇಡಿ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಆವಿ ಉಸಿರಾಡಿದರೂ ಹೋಗುತ್ತದೆ. ದೇಹದೊಳಗೆ ಅದು ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರ ಸುಡುತ್ತದೆ. ಮೋಸ ಏನೆಂದರೆ ಮೊದಲ ಕೆಲವು ಗಂಟೆ ಏನೂ ಆದ ಹಾಗೆ ಕಾಣುವುದಿಲ್ಲ, 12ರಿಂದ 24 ಗಂಟೆ ಕಳೆದ ಮೇಲೆ ಕಣ್ಣು ಮಂಜಾಗಬಹುದು. ಯಾರಾದರೂ ಒಂದು ಗುಟುಕು ನುಂಗಿದರೂ ಮನೆಮದ್ದು ಮಾಡುತ್ತಾ ಕೂರದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ಮೆಥನಾಲ್ ಅಂತ ಹೆಸರು ಹೇಳಿ. ಬೇಗ ಹೋದರೆ ಮದ್ದು ಇದೆ.

ಬೆರೆಸುವುದು ಮನೆಯ ಹೊರಗೆ, ನೆರಳಲ್ಲಿ, ಗಾಳಿ ಆಡುವ ಕಡೆ. ಒಲೆ, ದೇವರ ದೀಪ, ಸಿಗರೇಟು, ಸ್ವಿಚ್ ಬೋರ್ಡ್ ಯಾವುದೂ ಹತ್ತಿರ ಇರಬಾರದು. ಬೇಸಿಗೆಯ ದಾವಣಗೆರೆ ಬಿಡಿ, ಚಳಿಗಾಲದಲ್ಲೂ ಅದರ ಆವಿಗೆ ಬೆಂಕಿ ಹತ್ತುತ್ತದೆ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಬಿಸಿ ತಾಗಿದಾಗಲೇ ಗೊತ್ತಾಗುವುದು. ಪಕ್ಕದಲ್ಲಿ ಎರಡು ಬಕೆಟ್ ನೀರು ಇಡಿ. ಮೆಥನಾಲ್ ನೀರಲ್ಲಿ ಬೆರೆಯುತ್ತದೆ, ಹಾಗಾಗಿ ಸ್ವಲ್ಪ ಚೆಲ್ಲಿ ಹೊತ್ತಿಕೊಂಡರೆ ಜಾಸ್ತಿ ನೀರು ಸುರಿದರೆ ಆರುತ್ತದೆ. ಕನ್ನಡಕ, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಟ್ಯೂಬ್ ಬಾಯಿಂದ ಎಳೆದು ಫ್ಯೂಯೆಲ್ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಅದು ಬೇಡವೇ ಬೇಡ, ಕೈ ಪಂಪ್ ಕಡಿಮೆ ದುಡ್ಡಿಗೆ ಸಿಗುತ್ತದೆ.

ನೀರಿನ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ. ಹರಳೆಣ್ಣೆ ಬೆರೆಸಿದ ಫ್ಯೂಯೆಲ್ ನೋಡಲು ತಿಳಿ ಶರಬತ್ತಿನ ಹಾಗೆಯೇ ಇರುತ್ತದೆ, ಮನೆಗೆ ಬಂದ ಮಗು ಕುಡಿದುಬಿಟ್ಟರೆ? ದಪ್ಪ ಎಚ್‌ಡಿಪಿಇ ಕ್ಯಾನ್ ತಗೊಂಡು "ವಿಷ, ವಿಮಾನದ ಫ್ಯೂಯೆಲ್" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ, ಬೆರೆಸಿದ ತಾರೀಕೂ ಹಾಕಿ, ಬೀಗ ಹಾಕುವ ಕಡೆ ಇಡಿ. ಒಂದೊಂದೇ ಲೀಟರ್ ಬೆರೆಸಿ. ಮೆಥನಾಲ್ ಗಾಳಿಯಲ್ಲಿನ ನೀರಿನ ಪಸೆ ಹೀರುತ್ತದೆ, ನಮ್ಮ ಕರಾವಳಿ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಫ್ಯೂಯೆಲ್ ಕೆಟ್ಟ ಹಾಗೆಯೇ.

ಬ್ರಷ್‌ಲೆಸ್_ಬೆಂಗಳೂರು:

ಇಷ್ಟೆಲ್ಲ ಕಷ್ಟ ಯಾಕೆ ಬ್ರದರ್? ಆ ಟ್ರೈನರ್‌ಗೇ ಒಂದು ಬ್ರಷ್‌ಲೆಸ್ ಮೋಟರ್, ಒಂದು ಲಿಪೋ ಬ್ಯಾಟರಿ ಕೂರಿಸಿ. ಎಣ್ಣೆ ಒರೆಸುವ ಕೆಲಸ ಇಲ್ಲ, ಸದ್ದು ಕಡಿಮೆ, ಅಕ್ಕಪಕ್ಕದ ಹೊಲದವರಿಗೂ ತೊಂದರೆ ಇಲ್ಲ. ನನ್ನ ಮಟ್ಟಿಗೆ ಈಗ ಹೊಸದಾಗಿ ಕಲಿಯುವವರಿಗೆ ಇದೇ ಸರಿ.

ಫ್ಯೂಯೆಲ್ ಯಾವುದಾದರೂ ಇರಲಿ, ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ (ಎಲ್ಲೆಲ್ಲಿ ಹಾರಿಸಬಹುದು ಅಂತ ತೋರಿಸುವ ನಕ್ಷೆ) ನೋಡಿ. 2021ರ ಡ್ರೋನ್ ನಿಯಮಗಳಲ್ಲಿ ನಮ್ಮ ಮಾಡೆಲ್ ವಿಮಾನಗಳೂ ಬರುತ್ತವೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಪರವಾಗಿಲ್ಲ, ಏರ್‌ಪೋರ್ಟ್ ಸುತ್ತ ಹಳದಿ, ಕೆಂಪು ಇರುತ್ತದೆ. ಜಕ್ಕೂರು, ಯಲಹಂಕ ವಿಮಾನ ನೆಲೆಗಳು ಇರುವುದರಿಂದ ನಮಗೆ ಬೆಂಗಳೂರು ಉತ್ತರದಲ್ಲಿ ಎಲ್ಲೂ ಮನಸ್ಸಿಗೆ ಬಂದ ಹಾಗೆ ಹಾರಿಸಲು ಆಗುವುದಿಲ್ಲ. ನಿಮಗೆ ದಾವಣಗೆರೆಯಲ್ಲಿ ಆ ಅನುಕೂಲ ಇದೆ ಅನಿಸುತ್ತದೆ, ಆದರೂ ಮ್ಯಾಪ್ ನೋಡಿಯೇ ಹೋಗಿ. ರಿಜಿಸ್ಟ್ರೇಷನ್ ವಿಷಯವನ್ನೂ ವಿಚಾರಿಸಿಕೊಳ್ಳಿ.

ಮ್ಯೂನಿಕ್_ಕನ್ನಡಿಗ:

ನೈಟ್ರೋ ಪ್ರಶ್ನೆಗೆ ನನ್ನ ಉತ್ತರ. ನೈಟ್ರೋಮೀಥೇನ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ, ಹಾಗಾಗಿ ಅಷ್ಟೇ ಗಾಳಿಯಲ್ಲಿ ಜಾಸ್ತಿ ಫ್ಯೂಯೆಲ್ ಉರಿಸಬಹುದು. ಪವರ್ ಏರುತ್ತದೆ, ಐಡಲ್ (ಎಂಜಿನ್‌ನ ನಿಧಾನ ಓಟ) ನಯವಾಗುತ್ತದೆ. ಉಪಯೋಗ ಇಷ್ಟೇ. ಟ್ರೈನರ್‌ಗೆ ಇದು ಬೇಕಿಲ್ಲ. ಸ್ಫೋಟಕಕ್ಕೂ ಬಳಕೆಯಾಗುವ ವಸ್ತು ಅದು, ಹಾಗಾಗಿ ಯುರೋಪಿಯನ್ ಒಕ್ಕೂಟದ 2019ರ ನಿಯಮದಲ್ಲಿ ಸಾಮಾನ್ಯ ಜನರಿಗೆ 16 ಪರ್ಸೆಂಟ್‌ಗಿಂತ ಜಾಸ್ತಿ ಇರುವುದನ್ನು ಮಾರುವಂತಿಲ್ಲ. ಇಲ್ಲಿ ಹವ್ಯಾಸಿಗಳು ನೈಟ್ರೋ ಇಲ್ಲದ ಫ್ಯೂಯೆಲ್‌ನಲ್ಲೇ ಖುಷಿಯಾಗಿ ಹಾರಿಸುತ್ತಾರೆ. ನೀವು ಅದನ್ನು ಬೇರೆ ಹುಡುಕಿ ಮನೆಯಲ್ಲಿ ತಂದಿಟ್ಟುಕೊಳ್ಳುವ ಗೋಜಿಗೆ ಹೋಗಬೇಡಿ. ನೈಟ್ರೋ ಇಲ್ಲದಿದ್ದರೆ ಸ್ವಲ್ಪ ಹಾಟ್ ಪ್ಲಗ್ (ಬಿಸಿ ಜಾಸ್ತಿ ಉಳಿಸಿಕೊಳ್ಳುವ ಗ್ಲೋ ಪ್ಲಗ್) ಹಾಕಿ, ಐಡಲ್ ಸ್ಥಿರವಾಗಿರುತ್ತದೆ.

ಬಾಲ್ಸಾ_ದಾವಣಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲ್ಯಾಬ್ ಮೇಡಂ ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಕ್ಯಾನ್ ಇಡಲು ಹಿತ್ತಲಿನ ಕೋಣೆಗೆ ಅಪ್ಪ ಬೀಗ ಹಾಕಿಸುತ್ತಾರಂತೆ. ಎಲೆಕ್ಟ್ರಿಕ್ ಸುಲಭ ಅಂತ ನನಗೂ ಗೊತ್ತು, ಆದರೆ ಮಾವನ ಎಂಜಿನ್ ಮತ್ತೆ ಓಡುವುದನ್ನು ಅವರಿಗೆ ತೋರಿಸಬೇಕು ಅಂತ ಆಸೆ.

ಇನ್ನೆರಡು ಪ್ರಶ್ನೆ. ಮಾವ ಈಥರ್ ಹಾಕುವ ಡೀಸೆಲ್ ಎಂಜಿನ್ ಕೂಡ ಒಂದಿದೆ ಅಂದರು, ಅದಕ್ಕೂ ಮಿಕ್ಸ್ ಮಾಡಬಹುದಾ? ಮತ್ತೆ ಈ ಫ್ಯೂಯೆಲ್‌ಗೆ ನೀಡಲ್ ಹೇಗೆ ಸೆಟ್ ಮಾಡುವುದು?

ಕಂಟ್ರೋಲ್‌ಲೈನ್_ಮೈಸೂರು:

ಡೀಸೆಲ್ ಸದ್ಯಕ್ಕೆ ಶೋಕೇಸಿನಲ್ಲೇ ಇರಲಿ. ಈಥರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಹಳೆಯ ಬಾಟಲಿಯಲ್ಲಿ ಪೆರಾಕ್ಸೈಡ್ ಕೂಡಿ ಮುಚ್ಚಳ ತೆಗೆಯುವಾಗಲೇ ಸ್ಫೋಟ ಆಗಬಹುದು. ಮಾವನ ಹತ್ತಿರ ಹಳೇ ಈಥರ್ ಬಾಟಲಿ ಏನಾದರೂ ಉಳಿದಿದ್ದರೆ ಮುಟ್ಟಬೇಡ, ಅಲ್ಲಾಡಿಸಲೂ ಬೇಡ, ಅಗ್ನಿಶಾಮಕದವರಿಗೆ ಹೇಳು.

ನೀಡಲ್ ವಿಷಯ. ಎಂಜಿನ್ ಬಹಳ ದಿನ ಸುಮ್ನೆ ಕೂತಿದೆ, ಒಳಗೆ ಹರಳೆಣ್ಣೆ ಅಂಟಾಗಿರಬಹುದು. ಮೊದಲು ಹೊಸ ಪ್ಲಗ್, ಹೊಸ ಸಿಲಿಕೋನ್ ಟ್ಯೂಬ್ ಹಾಕು, ಟ್ಯಾಂಕಿನ ಒಳಗಿನ ಕ್ಲಂಕ್ ಟ್ಯೂಬ್ (ತುದಿಯಲ್ಲಿ ಭಾರ ಇರುವ, ಫ್ಯೂಯೆಲ್ ಎಳೆಯುವ ಮೆತ್ತನೆ ಕೊಳವೆ) ಗಡುಸಾಗಿಬಿಟ್ಟಿದೆಯಾ ನೋಡು. ಬಾಲ್ಸಾ ಮರ ಎಲ್ಲೆಲ್ಲಿ ಬರಿದಾಗಿದೆಯೋ ಅಲ್ಲಿ ಎಪಾಕ್ಸಿ ತೆಳ್ಳಗೆ ಸವರು, ಇಲ್ಲದಿದ್ದರೆ ಎಣ್ಣೆ ಕುಡಿದು ಮರ ಮೆತ್ತಗಾಗುತ್ತದೆ.

ರಿಚ್ ಆಗಿ, ಅಂದರೆ ಫ್ಯೂಯೆಲ್ ಜಾಸ್ತಿ ಬಿಟ್ಟು, ಶುರು ಮಾಡು. ಫುಲ್ ಥ್ರಾಟಲ್‌ನಲ್ಲಿ ಪ್ರೊಪೆಲ್ಲರ್ ಹಿಂದೆ ನಿಂತು ನೀಡಲ್ ನಿಧಾನ ಮುಚ್ಚುತ್ತಾ ಬಾ, ಸದ್ದು ಏರುತ್ತಾ ಹೋಗಿ ಒಂದು ಕಡೆ ಏರುವುದು ನಿಲ್ಲುತ್ತದೆ. ಅಲ್ಲಿಂದ ಎರಡು ಮೂರು ಕ್ಲಿಕ್ ಹಿಂದಕ್ಕೆ ಬಿಡು. ಆಮೇಲೆ ಮಾವ ವಿಮಾನ ಗಟ್ಟಿಯಾಗಿ ಹಿಡಿದು ಮೂಗು ನೇರ ಮೇಲಕ್ಕೆ ಎತ್ತಲಿ. ಸದ್ದು ಸ್ವಲ್ಪ ಏರಿದರೆ ಅಥವಾ ಹಾಗೇ ಇದ್ದರೆ ಸರಿ, ಕುಗ್ಗಿದರೆ ಲೀನ್, ಇನ್ನೆರಡು ಕ್ಲಿಕ್ ಬಿಡು. ಹಾರುವಾಗ ಹಿಂದೆ ತೆಳ್ಳಗೆ ಬಿಳಿ ಹೊಗೆಯ ಗೆರೆ ಕಾಣುತ್ತಲೇ ಇರಬೇಕು. ಸೈಲೆನ್ಸರ್‌ನಿಂದ ಬರುವ ಎಣ್ಣೆ ಜೇನಿನ ಬಣ್ಣ ಇರಬೇಕು, ಕಪ್ಪಾದರೆ ಇಳಿಸಿ ನೋಡು.

ಮೆಥನಾಲ್‌ಗೆ ತೂಕದಲ್ಲಿ 6.4 ಪಾಲು ಗಾಳಿ ಸಾಕು, ಪೆಟ್ರೋಲ್‌ಗೆ 14.7 ಬೇಕು. ಅಂದರೆ ಅಷ್ಟೇ ಗಾಳಿಗೆ ಮೆಥನಾಲ್ ಜಾಸ್ತಿ ಬೇಕು, ಅದಕ್ಕೇ ಟ್ಯಾಂಕ್ ಬೇಗ ಖಾಲಿಯಾಗುತ್ತದೆ, ಗಾಬರಿ ಆಗಬೇಡ, ಟೈಮರ್ ಇಟ್ಟುಕೋ. ಮಧ್ಯಾಹ್ನದ ಬಿಸಿಲಲ್ಲಿ ಮಾಡಿದ ಸೆಟ್ಟಿಂಗ್ ಮರುದಿನ ತಣ್ಣನೆ ಬೆಳಿಗ್ಗೆಗೆ ಲೀನ್ ಆಗುತ್ತದೆ, ಯಾಕೆಂದರೆ ತಣ್ಣನೆ ಗಾಳಿ ದಟ್ಟ. ಹಾಗಾಗಿ ಪ್ರತಿ ದಿನ ಮೊದಲ ಸ್ಟಾರ್ಟ್‌ಗೆ ನೀಡಲ್ ನೋಡಲೇಬೇಕು.

ಹಾರಿಸಿ ಮುಗಿದ ಮೇಲೆ ಟ್ಯೂಬ್ ಕಿತ್ತು ಎಂಜಿನ್ ಒಳಗಿನ ಫ್ಯೂಯೆಲ್ ಪೂರ್ತಿ ಉರಿಸಿ ನಿಲ್ಲಿಸು, ಟ್ಯಾಂಕ್ ಖಾಲಿ ಮಾಡು, ಕಾರ್ಬುರೇಟರ್‌ಗೆ ನಾಲ್ಕು ಹನಿ ತೆಳು ಮೆಷಿನ್ ಆಯಿಲ್ ಬಿಟ್ಟು ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸು. ಒಳಗೆ ಮೆಥನಾಲ್ ಉಳಿದರೆ ನೀರು ಹೀರಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಬೇರಿಂಗ್ ನಂಬರ್ ಬೇಕಾದರೆ ಎಂಜಿನ್ ಮೇಲಿನ ಹೆಸರು ನೋಡಿ ಇಲ್ಲೇ ಹಾಕು, ಹೇಳುತ್ತೇನೆ.