ಅಂಗನವಾಡಿಯಲ್ಲಿ ಓಆರ್‌ಎಸ್ ಕಲಿಸೋದು ಹೇಗೆ?

ಹಳ್ಳಿಮನೆ:
ಮುಂದಿನ ವಾರ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತೆ ದಿನ. ಮಳೆ ಹಿಡಿದಿದೆ, ಇನ್ನು ಮಕ್ಕಳಿಗೆ ಭೇದಿ ಶುರು. ಇಪ್ಪತ್ತೈದು ತಾಯಂದಿರು, ಅರ್ಧ ಗಂಟೆ ಸಮಯ. ಎಷ್ಟು ಹೇಳಿ ಕಳಿಸಿದರೂ ಮನೆಗೆ ಹೋಗಿ ಲೋಟಕ್ಕೊಂದು ಚಿಟಿಕೆಯಂತೆ ಓಆರ್‌ಎಸ್ ಪುಡಿ (ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಸಕ್ಕರೆ ಪುಡಿ) ಹಾಕ್ತಾರೆ. ಏನು ತೋರಿಸಲಿ, ಏನು ಬಿಡಲಿ?

ತಂಬಿಗೆ:
ಕೈತೊಳೆಯೋದು, ಶೌಚಾಲಯ ಎಲ್ಲ ಆ ದಿನಕ್ಕೆ ಬಿಡಿ. ಅಳತೆ ಒಂದೇ ಕಲಿಸಿ. 20.5 ಗ್ರಾಂ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಲೀಟರ್ ಅಂದರೆ ಎಷ್ಟು ಅನ್ನೋದರಲ್ಲೇ ಎಲ್ಲರೂ ಎಡವೋದು. ಅವರವರ ಮನೆಯ ಚೊಂಬನ್ನೇ ತರೋಕೆ ಹೇಳಿ. 1 ಲೀಟರ್ ನೀರಿನ ಬಾಟಲಿಯಿಂದ ಸುರಿದು, ನೀರು ನಿಂತ ಕಡೆ ಉಗುರುಬಣ್ಣದಲ್ಲಿ ಗೆರೆ ಎಳೆಯಿರಿ. ಕಲಸೋದು ಅವರೇ, ನೀವಲ್ಲ.

ನೀರು ಕಡಿಮೆಯಾದರೆ ಗಟ್ಟಿ ದ್ರಾವಣ ಕರುಳಿಗೇ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತೆ. ಹೆಚ್ಚಾದರೆ ಉಪ್ಪಿನಂಶ ಸಾಲದು. ರುಚಿ ನೋಡಿಸಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಬೇಕು. ಕಲಸಿದ ಮೇಲೆ ಕುದಿಸಬಾರದು, 24 ಗಂಟೆ ಮೀರಿದ್ದನ್ನು ಕುಡಿಸಬಾರದು. ಅಂಗಡಿಯಲ್ಲಿ 200 ಮಿಲಿಗೆ ಆಗುವ ಸಣ್ಣ ಪೊಟ್ಟಣವೂ ಸಿಗುತ್ತೆ, ಕವರ್ ಓದಿಸಿ.

ಸತುವಿನ ಮಾತ್ರೆ:
ಓಆರ್‌ಎಸ್ ಜೊತೆಗೆ ಕೊಡೋ ಜಿಂಕ್ (ಸತು) ಮಾತ್ರೆ ಮರೀಬೇಡಿ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, 2ರಿಂದ 6 ತಿಂಗಳಿಗೆ 10, ಒಟ್ಟು 14 ದಿನ. ಮೂರನೇ ದಿನ ಭೇದಿ ನಿಂತಿತು ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ 14 ಮನೆಗೆ ಸುತ್ತು ಹಾಕಿಕೊಳ್ಳಲಿ, ಕೊಟ್ಟ ದಿನ ಅಡ್ಡಗೆರೆ.

ಇನ್ನೊಂದು: "ಅರ್ಥ ಆಯ್ತಾ?" ಅಂತ ಕೇಳಲೇಬೇಡಿ, ಎಲ್ಲರೂ ತಲೆ ಆಡಿಸ್ತಾರೆ. "ಮನೆಗೆ ಹೋಗಿ ಅತ್ತೆಗೆ ಹೇಗೆ ಹೇಳ್ತೀರಿ, ಹೇಳಿ ನೋಡೋಣ" ಅನ್ನಿ. ತಪ್ಪು ಅಲ್ಲೇ ಹೊರಬೀಳುತ್ತೆ. ಅತ್ತೆಯನ್ನೇ ಕರೆಸಿದರೆ ಇನ್ನೂ ಒಳ್ಳೇದು, ಊಟ ನಿಲ್ಲಿಸು ಅನ್ನೋರು ಹೆಚ್ಚಾಗಿ ಅವರೇ. ಎದೆಹಾಲು, ಊಟ ಎರಡೂ ನಡೀಬೇಕು.

ಹಳ್ಳಿಮನೆ:
ಎಷ್ಟು ಕುಡಿಸೋದು? ವಾಂತಿ ಆದರೆ? ಪೊಟ್ಟಣ ಮುಗಿದಿದ್ದರೆ?

ತಂಬಿಗೆ:
ಪ್ರತಿ ಭೇದಿಯ ನಂತರ, 2 ವರ್ಷದೊಳಗೆ 50–100 ಮಿಲಿ, ದೊಡ್ಡ ಮಕ್ಕಳಿಗೆ 100–200. ವಾಂತಿಯಾದರೆ 10 ನಿಮಿಷ ತಡೆದು ಚಮಚದಲ್ಲಿ ನಿಧಾನಕ್ಕೆ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಬೆರಳು ಎಳೆದು ಸಮ ಮಾಡಿ, ಗೋಪುರ ಬೇಡ. ಮಗು ಕುಡಿಯೋದೇ ಬಿಟ್ಟರೆ, ಮಂಕಾದರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿದಾಗ ನಿಧಾನಕ್ಕೆ ಹಿಂದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಕುಡಿಸ್ತಾ ಹೋಗಿ.