ಸೆರಾಮಿಕ್ ಬ್ರೇಸಸ್ ಹಳದಿಯಾಗ್ತಿದೆ, ಏನು ಮಾಡೋದು?

ತುಟಿಬಿಚ್ಚದನಗು:
ಎಲ್ಲರಿಗೂ ನಮಸ್ಕಾರ. ಹಲ್ಲು ನೇರ ಮಾಡಿಸಲು ಮೇಲಿನ ಸಾಲಿಗೆ ಸೆರಾಮಿಕ್ ಬ್ರೇಸಸ್ ಹಾಕಿಸಿದ್ದೇನೆ, ಕೆಳಗಡೆ ಮಾಮೂಲಿ ಮೆಟಲ್. ಸೆರಾಮಿಕ್ಕೇ ಬೇಕು ಅಂತ ಹಟ ಹಿಡಿದಿದ್ದು ಎದುರಿಗಿದ್ದವರ ಕಣ್ಣಿಗೆ ಬೀಳಬಾರದು ಅಂತ. ಶುರುವಿನಲ್ಲಿ ನಿಜಕ್ಕೂ ಕಾಣುತ್ತಲೇ ಇರಲಿಲ್ಲ. ಈಗ ನೋಡಿದರೆ ಎಲ್ಲಾ ಹಲ್ಲಿನ ಮೇಲೂ ಹಳದಿ, ಅದೂ ಒಂದೇ ಸಮ ಅಲ್ಲ, ಕೋರೆಹಲ್ಲಿನ ಹತ್ತಿರ ಗಾಢ, ಮುಂದೆ ಸ್ವಲ್ಪ ತೆಳು. ಕೆಳಗಿನ ಮೆಟಲ್ಲೇ ವಾಸಿ ಅನ್ನಿಸುವಷ್ಟು. ಕಾಫಿ ದಿನಾ ಕುಡಿಯುತ್ತೇನೆ, ಅರಿಶಿನ ಹಾಕಿದ ಅಡುಗೆಯನ್ನೂ ತಿನ್ನುತ್ತೇನೆ. ಎರಡು ಹೊತ್ತೂ ಬ್ರಷ್ ಮಾಡುತ್ತೇನೆ, ಹೋಗುತ್ತಿಲ್ಲ. ಬ್ರಾಕೆಟ್ಟೇ ಬಣ್ಣ ಕುಡಿದುಬಿಟ್ಟಿದ್ದರೆ ಚಿಕಿತ್ಸೆ ಮುಗಿಯುವವರೆಗೂ ಹೀಗೇ ಇರಬೇಕಾ? ವೈಟನಿಂಗ್ ಪೇಸ್ಟ್ ತಂದರೆ ಹೋಗುತ್ತಾ? ಗೊತ್ತಿದ್ದವರು ಹೇಳಿ.

ಅಂತೂಇಂತೂ:
ಮೊದಲು ಒಂದು ಕೆಲಸ ಮಾಡಿ. ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಒಂದೇ ಒಂದು ಹಲ್ಲನ್ನು ಸರಿಯಾಗಿ ನೋಡಿ. ಹಲ್ಲಿಗೆ ಅಂಟಿರುವ ಚೌಕದ ತುಂಡು ಬ್ರಾಕೆಟ್. ಅದರ ನಾಲ್ಕು ಮೂಲೆಗೆ ಸಿಕ್ಕಿಸಿ, ತಂತಿಯನ್ನು ಒಳಗೆ ಒತ್ತಿ ಹಿಡಿದಿರುವ ಸಣ್ಣ ರಬ್ಬರ್ ಉಂಗುರ ಇದೆಯಲ್ಲ, ಅದು ಬೇರೆ. ನೂರಕ್ಕೆ ತೊಂಬತ್ತು ಸಲ ಹಳದಿಯಾಗಿರೋದು ಆ ಉಂಗುರ, ಬ್ರಾಕೆಟ್ ಅಲ್ಲ. ನನಗೂ ಹಾಗೇ ಆಗಿತ್ತು, ಮುಂದಿನ ಸಲ ಹೋದಾಗ ಹಳೇ ಉಂಗುರ ಕಿತ್ತು ಹೊಸದು ಹಾಕಿದರು, ಕುರ್ಚಿಯಿಂದ ಏಳುವ ಹೊತ್ತಿಗೆ ಬ್ರೇಸಸ್ ಮತ್ತೆ ಹೊಸದರ ಹಾಗಿತ್ತು. ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಹಾಗಾಗಿ ಜೀವನಪೂರ್ತಿ ಶಿಕ್ಷೆ ಏನಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕಾಫಿ ಬಿಡಬೇಕು ಅಂತ ಮಾತ್ರ ಹೇಳಲ್ಲ. ನಾನಂತೂ ಬಿಡಲಿಲ್ಲ.

ಮನೆಮದ್ದು_ಮಾಮ:
ಇದಕ್ಕೆಲ್ಲ ಡಾಕ್ಟರ್ ಹತ್ತಿರ ಓಡಬೇಕಾ? ಅಡುಗೆ ಸೋಡಾಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ, ನೊರೆ ಬಂದ ಮೇಲೆ ಬ್ರಷ್‌ನಿಂದ ಚೆನ್ನಾಗಿ ತಿಕ್ಕಿ. ಪಾತ್ರೆಯ ಕರೆಯೇ ಹೋಗುತ್ತದೆ, ಇದು ಯಾವ ಲೆಕ್ಕ.

ಡಾಕ್ಟ್ರಮ್ಮ_ಹಲ್ಲಿನವರು:
ಮಾಮ, ದಯವಿಟ್ಟು ಬೇಡ. ನಾನು ದಿನಾ ಬ್ರೇಸಸ್ ಕೆಲಸವನ್ನೇ ಮಾಡುವವಳು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಿಂಬೆರಸ ಗಟ್ಟಿ ಹುಳಿ. ಹುಳಿಯನ್ನು ಅಳೆಯುವ ಲೆಕ್ಕ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಖನಿಜ ಕರಗಲು ಶುರುವಾಗುತ್ತದೆ, ನಿಂಬೆರಸದ ಪಿಎಚ್ 2ರ ಆಸುಪಾಸು. ಮೆತ್ತಗಾದ ಎನಾಮೆಲ್ ಮೇಲೆ ಗಸಗಸ ತಿಕ್ಕಿದರೆ ಸವೆಯುವುದು ಹಲ್ಲು, ಕಲೆ ಅಲ್ಲ. ಸೋಡಾ ಹುಳಿಯನ್ನು ಸರಿದೂಗಿಸುತ್ತದೆ ಅಂತ ವಾದ ಮಾಡಬಹುದು. ಆದರೆ ಅಳತೆ ನೋಡಿ ಹಾಕುವವರು ಯಾರು? ಹೋಗಲಿ ಅಂತ ಬರೀ ಸೋಡಾ ಹಾಕಿದರೂ, ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಿಗೆ ತಿರುಗುತ್ತದೆ. ಅರಿಶಿನದ ಕೈಗೆ ಸೋಪು ಹಚ್ಚಿದಾಗ ಕೆಂಪಗಾಗೋದು ನೋಡಿದ್ದೀರಿ ಅಲ್ವಾ, ಅದೇ ಕಥೆ.

ಈಗ ಪ್ರಶ್ನೆಗೆ ಬರುತ್ತೇನೆ. ಸೆರಾಮಿಕ್ ಬ್ರಾಕೆಟ್ ಮಾಡುವುದು ಅಲ್ಯೂಮಿನಾದಿಂದ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರ ಒಂದೇ ಹರಳಿನ ರೂಪಕ್ಕೆ ಸಫೈರ್ ಬ್ರಾಕೆಟ್ ಅನ್ನುತ್ತಾರೆ. ಎರಡೂ ಬಣ್ಣವನ್ನು ಒಳಗೆ ಹೀರಿಕೊಳ್ಳುವುದು ತೀರಾ ಕಡಿಮೆ. 1970ರ ದಶಕದಲ್ಲಿ ಬಂದ ಪ್ಲಾಸ್ಟಿಕ್ ಬ್ರಾಕೆಟ್‌ಗಳು ನಿಜಕ್ಕೂ ಬಣ್ಣ ಕುಡಿಯುತ್ತಿದ್ದವು, ಆ ಕೆಟ್ಟ ಹೆಸರು 80ರ ದಶಕದಲ್ಲಿ ಬಂದ ಸೆರಾಮಿಕ್ಕಿಗೂ ಅಂಟಿಕೊಂಡಿದೆ. ಉಂಗುರದ ವಿಷಯ ಬೇರೆ. ಅದು ಪಾಲಿಯುರೆಥೇನ್. ಎಂಜಲಿನಲ್ಲಿ ನೆನೆದು ಸ್ವಲ್ಪ ಊದಿಕೊಳ್ಳುತ್ತದೆ, ಊದಿದ ಹಾಗೆ ಬಣ್ಣವನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಹೋದದ್ದನ್ನು ಯಾವ ಬ್ರಷ್ಷೂ ಹೊರಗೆ ತರಲ್ಲ. ವೈಟನಿಂಗ್ ಪೇಸ್ಟ್ ಕೂಡ ಇಲ್ಲಿ ದಂಡ, ಅದು ಮುಖ್ಯವಾಗಿ ಮೇಲ್ಮೈಯನ್ನು ಉಜ್ಜಿ ಕಲೆ ತೆಗೆಯುವಂಥದ್ದು. ಇನ್ನು ಬ್ಲೀಚ್ ಮಾಡಿಸುವ ಆಸೆ ಇದ್ದರೆ ಬ್ರೇಸಸ್ ತೆಗೆಸಿದ ಮೇಲೆ ನೋಡೋಣ. ಬ್ರಾಕೆಟ್ ಮುಚ್ಚಿರುವ ಜಾಗಕ್ಕೆ ಮದ್ದು ನೇರವಾಗಿ ತಾಗಲ್ಲ, ಕೊನೆಗೆ ಎರಡು ಬಣ್ಣದ ಹಲ್ಲು ನೋಡಬೇಕಾಗಬಹುದು.

ಇನ್ನೊಂದು ಸಾಧ್ಯತೆ ಇದೆ. ಉಂಗುರ ಬದಲಾಯಿಸಿದ ಮೇಲೂ ಬ್ರಾಕೆಟ್ ಅಂಚಿನಲ್ಲಿ ಕಂದು ಗೆರೆ ಉಳಿದರೆ ಅದು ಅಂಟಿನದ್ದು. ಬ್ರಾಕೆಟ್ ಕೂರಿಸುವಾಗ ಅಂಚಿನಿಂದ ಹೊರಬಂದ ರೆಸಿನ್ ಅಂಟನ್ನು ಪೂರ್ತಿ ತೆಗೆಯದಿದ್ದರೆ ಅದರ ಒರಟು ಮೈಗೆ ಬಣ್ಣವೂ ಕೊಳೆಯೂ ಹತ್ತುತ್ತದೆ. ನಿಮ್ಮ ಡಾಕ್ಟರಿಗೆ ತೋರಿಸಿ, ಅದನ್ನು ನಯ ಮಾಡಿ ಕೊಡಬಹುದು.

ಮತ್ತೆ ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬಳಸುತ್ತಿದ್ದೀರಾ? ವಸಡು ಊದಿದಾಗ ಕೊಡುತ್ತಾರೆ, ಒಳ್ಳೆ ಮದ್ದು, ಆದರೆ ದಿನಗಟ್ಟಲೆ ಬಳಸಿದರೆ ಹಲ್ಲಿಗೂ ಕಂದು ಕಲೆ ಬರುತ್ತದೆ. ಹೇಳಿದಷ್ಟು ದಿನ ಬಳಸಿ ನಿಲ್ಲಿಸಿ. ಬಾಟಲಿ ಖಾಲಿಯಾಗುವವರೆಗೂ ಬಳಸುವ ಅಭ್ಯಾಸ ಬಹಳ ಜನಕ್ಕೆ ಇದೆ.

ತುಟಿಬಿಚ್ಚದನಗು:
ಟಾರ್ಚ್ ಹಾಕಿ ನೋಡಿದೆ. ಉಂಗುರವೇ! ಬ್ರಾಕೆಟ್ ಪಾಪ ಬೆಳ್ಳಗೇ ಇದೆ. ಹಾಗಾದರೆ ಮುಂದಿನ ಸಲ ಪಾರದರ್ಶಕ ಬೇಡ, ಬಿಳಿ ಉಂಗುರ ಹಾಕಿ ಅಂತ ಕೇಳಲಾ? ಮತ್ತೆ ಕೆಳಗಡೆ ಯಾಕೆ ಸೆರಾಮಿಕ್ ಹಾಕಲ್ಲ ಅಂದರು ಅಂತ ಈಗಲೂ ಅರ್ಥವಾಗಿಲ್ಲ.

ಅಂತೂಇಂತೂ:
ಬಿಳಿ ಅಂತೂ ಬೇಡ. ಹಳದಿ ಅದರ ಮೇಲೆ ಇನ್ನೂ ಎದ್ದು ಕಾಣುತ್ತದೆ, ಹಲ್ಲನ್ನೂ ಮಂಕಾಗಿ ತೋರಿಸುತ್ತದೆ. ತಿಳಿ ಬೂದು ಇರುತ್ತದೆ, ಹೊಗೆ ಬಣ್ಣ ಅಂತಾರಲ್ಲ, ಅದನ್ನು ಕೇಳಿ. ಹಾಕಿದ ದಿನ ಪಾರದರ್ಶಕದಷ್ಟು ಮಾಯವಾಗಿರಲ್ಲ ನಿಜ, ಆದರೆ ಮೂರನೇ ವಾರದಲ್ಲಿ ಗೆಲ್ಲೋದು ಅದೇ. ರಬ್ಬರ್ ಉಂಗುರದ ಬದಲು ಸಣ್ಣ ಸ್ಟೀಲ್ ತಂತಿ ಸುತ್ತಿ ಕಟ್ಟುವುದೂ ಉಂಟು. ಅದಕ್ಕೆ ಬಣ್ಣ ಹತ್ತಲ್ಲ, ಆದರೆ ಮೆಟಲ್ ಕಾಣುತ್ತದೆ. ಉಂಗುರವೇ ಬೇಡದ ಬಾಗಿಲಿನಂಥ ಬ್ರಾಕೆಟ್ ಕೂಡ ಇದೆ, ಸೆಲ್ಫ್ ಲೈಗೇಟಿಂಗ್ ಅಂತ. ಈಗಾಗಲೇ ಹಾಕಿಸಿ ಆಗಿರುವವರಿಗೆ ಅದರಿಂದ ಪ್ರಯೋಜನವಿಲ್ಲ, ಇನ್ನೂ ಹಾಕಿಸದೆ ಇದನ್ನು ಓದುತ್ತಿರುವವರು ಕೇಳಿ ನೋಡಬಹುದು.

ನನ್ನ ಉಪಾಯ ಇಷ್ಟೇ. ಅರಿಶಿನ ಜಾಸ್ತಿ ಇರುವ ಊಟ, ಕೆಂಪು ಸಾಸ್, ನೇರಳೆ ಹಣ್ಣಿನಂಥವು, ಇವನ್ನೆಲ್ಲ ಮುಂದಿನ ಅಪಾಯಿಂಟ್‌ಮೆಂಟಿನ ಹಿಂದಿನ ದಿನಗಳಿಗೆ ಇಟ್ಟುಕೊಳ್ಳೋದು. ಹೇಗೂ ಉಂಗುರ ಹೋಗುತ್ತದೆ, ಹಾಳಾದರೆ ಹಾಳಾಗಲಿ. ಹೊಸ ಉಂಗುರ ಹಾಕಿಸಿದ ವಾರ ಮಾತ್ರ ಕಟ್ಟುನಿಟ್ಟು. ಅರಿಶಿನದ ಕಾಟ ಏನು ಅಂದರೆ ಅದು ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತದೆ, ಹಾಗಾಗಿ ಎಣ್ಣೆ ಜೊತೆ ಬಾಯಿಗೆ ಬಂದದ್ದು ಬರೀ ನೀರು ಮುಕ್ಕಳಿಸಿದರೆ ಪೂರ್ತಿ ಹೋಗಲ್ಲ. ಊಟವಾದ ಮೇಲೆ ಪೇಸ್ಟ್ ಹಾಕಿ ಉಜ್ಜಲೇಬೇಕು. ಬಟ್ಟೆ ಮೇಲಿನ ಅರಿಶಿನವಾದರೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ, ಇಲ್ಲಿ ಬಾಯಿ ತೆರೆದುಕೊಂಡು ಬಿಸಿಲಲ್ಲಿ ಕೂರೋಕೆ ಆಗಲ್ಲವಲ್ಲ.

ಕಾಫಿಯನ್ನು ಗಂಟೆಗಟ್ಟಲೆ ಗುಟುಕು ಗುಟುಕಾಗಿ ಹೀರುತ್ತಾ ಕೂರಬೇಡಿ, ಒಂದೇ ಸಲಕ್ಕೆ ಕುಡಿದು ನೀರು ಮುಕ್ಕಳಿಸಿ. ತಣ್ಣಗಿನದಾದರೆ ಸ್ಟ್ರಾ ಹಾಕಿಕೊಳ್ಳಿ.

ಡಾಕ್ಟ್ರಮ್ಮ_ಹಲ್ಲಿನವರು:
ಮೇಲೆ ಹೇಳಿರೋದು ಸರಿಯಾಗಿದೆ. ಹುಳಿ ಪಾನೀಯ ಕುಡಿದಿದ್ದರೆ ಮಾತ್ರ ತಕ್ಷಣ ಉಜ್ಜಬೇಡಿ, ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ. ಕೆಳಗಡೆ ಸೆರಾಮಿಕ್ ಹಾಕದಿರಲು ಕಾರಣ, ಅದು ಎನಾಮೆಲ್‌ಗಿಂತ ಗಟ್ಟಿ. ಕಚ್ಚುವಾಗ ಮೇಲಿನ ಹಲ್ಲಿನ ತುದಿ ಕೆಳಗಿನ ಬ್ರಾಕೆಟ್ಟಿಗೆ ತಾಗಿದರೆ ಸವೆಯುವುದು ಮೇಲಿನ ಹಲ್ಲೇ. ನಿಮ್ಮ ಡಾಕ್ಟರ್ ಯೋಚನೆ ಮಾಡಿಯೇ ಬೇಡ ಅಂದಿದ್ದಾರೆ.

ನಿಜ ಹೇಳಬೇಕು ಅಂದರೆ ಹಳದಿ ಉಂಗುರ ನೋಡಿ ಗಾಬರಿಯಾಗಿ ಬರುವವರು ಬಹಳ. ಬ್ರಾಕೆಟ್ ಸುತ್ತ ಸುಣ್ಣದಂಥ ಬಿಳಿ ಮಚ್ಚೆ ಬಂದಿದೆ ಅಂತ ಬರುವವರು ಕಡಿಮೆ, ಆದರೆ ಹೆದರಬೇಕಾದ್ದು ಅದಕ್ಕೆ. ಬ್ರಾಕೆಟ್ ಮತ್ತು ವಸಡಿನ ನಡುವಿನ ಸಣ್ಣ ಪಟ್ಟಿಯಲ್ಲಿ ಕೊಳೆ ಕೂತರೆ ಬ್ಯಾಕ್ಟೀರಿಯಾ ಹುಳಿ ಮಾಡಿ ಎನಾಮೆಲ್ ಖನಿಜ ಕರಗಿಸುತ್ತವೆ. ಕೆಲವೇ ವಾರಗಳಲ್ಲಿ ಮಚ್ಚೆ ಕಾಣಿಸಿಕೊಳ್ಳಬಹುದು. ಉಂಗುರ ಬದಲಾಯಿಸಬಹುದು, ಆ ಮಚ್ಚೆ ಬ್ರೇಸಸ್ ತೆಗೆದ ಮೇಲೂ ಉಳಿದುಬಿಡಬಹುದು. ಹಾಗಾಗಿ ಬ್ರಷ್ಷನ್ನು ಬ್ರಾಕೆಟ್ ಮೇಲ್ಗಡೆ ವಸಡಿನ ಕಡೆಗೆ ಓರೆಯಾಗಿ ಹಿಡಿದು ಒಮ್ಮೆ, ಕೆಳಗಡೆಯಿಂದ ಒಮ್ಮೆ ಉಜ್ಜಿ. ತಂತಿಯ ಅಡಿಗೆ ಹೋಗುವ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಇಟ್ಟುಕೊಳ್ಳಿ. ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ, ದೊಡ್ಡವರಿಗೆ 1000ದಿಂದ 1500 ಪಿಪಿಎಂ. ರಾತ್ರಿ ಉಜ್ಜಿದ ಮೇಲೆ ನೊರೆ ಉಗಿದು ಸುಮ್ನೆ ಮಲಗಿ, ನೀರು ಹಾಕಿ ತೊಳೆದರೆ ಫ್ಲೋರೈಡೂ ಹೋಗುತ್ತದೆ.

ಗೀಜಗನಗೂಡು:
ನಡುವೆ ಬಾಯಿ ಹಾಕುತ್ತಿದ್ದೇನೆ. ನಂದು ಬ್ರೇಸಸ್ ಅಲ್ಲ, ಅಲೈನರ್, ಅಂದರೆ ಹಲ್ಲಿನ ಮೇಲೆ ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ತೆಗೆದಿಟ್ಟು ತಿನ್ನೋದು, ನಮಗೆ ಈ ಗೋಳಿಲ್ಲ ಅಂದುಕೊಂಡರೆ ಹಲ್ಲಿನ ಮೇಲೆ ಅಂಟಿಸಿರುವ ಸಣ್ಣ ಗುಬುಟುಗಳು ಹಳದಿಯಾಗಿವೆ. ಅವಕ್ಕೂ ಇದೇ ಕಾರಣನಾ?

ಡಾಕ್ಟ್ರಮ್ಮ_ಹಲ್ಲಿನವರು:
ಹೌದು, ಅವು ಹಲ್ಲು ತುಂಬುವ ಕಾಂಪೋಸಿಟ್‌ನಿಂದ ಮಾಡಿದ್ದು, ಒರಟಾಗಿದ್ದರೆ ಬಣ್ಣ ಹತ್ತುತ್ತದೆ. ಪಾಲಿಶ್ ಮಾಡಿಸಿ. ಅಲೈನರ್ ಹಾಕಿಕೊಂಡೇ ಕಾಫಿ, ಟೀ ಕುಡಿಯಬೇಡಿ. ಬಿಸಿ ನೀರಿನಲ್ಲೂ ತೊಳೆಯಬೇಡಿ, ಆಕಾರ ಕೆಡುತ್ತದೆ.

ತುಟಿಬಿಚ್ಚದನಗು:
ಕೊನೇ ಪ್ರಶ್ನೆ. ಉಂಗುರಗಳು ಆನ್‌ಲೈನಲ್ಲಿ ಪೊಟ್ಟಣಗಟ್ಟಲೆ ಸಿಗುತ್ತಿವೆ. ನಾನೇ ಚಿಮಟ ಹಿಡಿದು ಬದಲಾಯಿಸಿಕೊಂಡರೆ?

ಡಾಕ್ಟ್ರಮ್ಮ_ಹಲ್ಲಿನವರು:
ಬೇಡವೇ ಬೇಡ. ಆ ಉಂಗುರ ತಂತಿಯನ್ನು ಬ್ರಾಕೆಟ್‌ನ ಸೀಳಿನೊಳಗೆ ಕೂರಿಸಿ ಹಿಡಿದಿರುತ್ತದೆ. ಒಂದು ಸರಿಯಾಗಿ ಕೂರದಿದ್ದರೂ ಆ ಹಲ್ಲು ತಿರುಗಿಕೊಳ್ಳಬಹುದು, ತಂತಿ ಜಾರಿ ಕೆನ್ನೆಗೆ ಚುಚ್ಚಬಹುದು. ಉಂಗುರ ಸಿಕ್ಕಿಸುವ ಸೆರಾಮಿಕ್ ಮೂಲೆಗಳು, ನಾವು ರೆಕ್ಕೆ ಅನ್ನುವಂಥವು, ಚಿಮಟದ ಒತ್ತಡಕ್ಕೆ ಮುರಿಯುವುದೂ ಸುಲಭ. ಮದುವೆ, ಫೋಟೋ, ಇಂಟರ್‌ವ್ಯೂ ಅಂತ ಏನಾದರೂ ಇದ್ದರೆ ಕ್ಲಿನಿಕ್ಕಿಗೆ ಮೊದಲೇ ಫೋನ್ ಮಾಡಿ, ಉಂಗುರ ಮಾತ್ರ ಬದಲಾಯಿಸಿಕೊಡಿ ಅಂತ ಕೇಳಿ. ಕೆಲವೇ ನಿಮಿಷದ ಕೆಲಸ.