ಒಂದೇ ಚರ್ಚ್, ಗೋಡೆಗೊಂದು ಕಾಲ: ಯಾವುದನ್ನು ನಂಬುವುದು?

ಪ್ರಶ್ನೆ
ಇಂಗ್ಲೆಂಡಿನ ಒಂದು ಹಳ್ಳಿ ಚರ್ಚ್‌ನ ಫೋಟೊ ನೋಡಿ ಕಾಲ ಗುರುತಿಸಬೇಕಿದೆ. ನೇವ್‌ನ (ಜನ ಕೂರುವ ಮುಖ್ಯ ಅಂಗಣದ) ಉತ್ತರದ ಕಂಬಸಾಲಿಗೆ ಅರ್ಧವೃತ್ತದ ಕಮಾನು, ದಕ್ಷಿಣದ್ದಕ್ಕೆ ಚೂಪು ಕಮಾನು. ಪೂರ್ವದ ದೊಡ್ಡ ಕಿಟಕಿಯಲ್ಲಿ ಕಲ್ಲುಪಟ್ಟಿಗಳು ನೆಟ್ಟಗೆ ಕಮಾನಿನವರೆಗೂ ಏರಿವೆ. ಗೋರಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಮಲಗಿದ ಯೋಧನ ವಿಗ್ರಹ, ಕ್ರುಸೇಡ್‌ಗೆ (ಜೆರುಸಲೇಮ್‌ಗಾಗಿ ಕ್ರೈಸ್ತರು ನಡೆಸಿದ ಧರ್ಮಯುದ್ಧಕ್ಕೆ) ಹೋದವನಂತೆ. ಯಾವ ಶತಮಾನ ಅಂತ ಬರೆಯಲಿ?

ಉತ್ತರ 1
ಒಂದೇ ಶತಮಾನ ಬರೆದರೆ ತಪ್ಪಾಗುತ್ತೆ. ಅರ್ಧವೃತ್ತದ ಕಮಾನು ಸುಮಾರು 1190ಕ್ಕಿಂತ ಹಿಂದಿನದು, ಚೂಪು ಕಮಾನು ಅದರ ನಂತರದ್ದು, ನೆಟ್ಟನೆಯ ಪಟ್ಟಿಗಳ ‘ಪರ್ಪೆಂಡಿಕ್ಯುಲರ್’ ಕಿಟಕಿ 1350ರಿಂದ ಈಚೆಗಿನದು. ಈ ಶೈಲಿಗಳಿಗೆ ಹೆಸರಿಟ್ಟದ್ದು 1817ರಲ್ಲಿ ಥಾಮಸ್ ರಿಕ್‌ಮನ್. ಕಟ್ಟಿದವರಿಗೆ ಆ ಹೆಸರುಗಳು ಗೊತ್ತಿರಲಿಲ್ಲ. ಹಾಗಾಗಿ ಇಸವಿಗಳನ್ನು ಸ್ವಲ್ಪ ಸಡಿಲವಾಗಿಯೇ ಹಿಡಿಯಿರಿ.

ಕಿಟಕಿಯಿಂದ ಶುರು ಮಾಡಬೇಡಿ. ಹಳೇ ಗೋಡೆ ಒಡೆದು ಹೊಸ ಕಿಟಕಿ ಕೂರಿಸುವುದು ಮಾಮೂಲಿ. ಗೋಡೆಯನ್ನೇ ಓದಿ: ಮೇಲಿಂದ ಕೆಳಗೆ ನೇರವಾದ ಸಂದು ಕಂಡರೆ ಅಲ್ಲಿ ಎರಡು ಹಂತದ ಕೆಲಸ ಸೇರಿದೆ. ಗೋಡೆಯ ಮಧ್ಯದಲ್ಲಿ ಮೂಲೆಗಲ್ಲುಗಳು ಸಿಕ್ಕರೆ ಕಟ್ಟಡ ಒಮ್ಮೆ ಅಲ್ಲಿಗೇ ಮುಗಿದಿತ್ತು. ಗೋಪುರದ ಪೂರ್ವ ಮುಖದಲ್ಲಿ ತಲೆಕೆಳಗಾದ V ಆಕಾರದ ಗುರುತು ಹಳೆಯ ಕಡಿದಾದ ಸೂರಿನದು. ಆಮೇಲೆ ನೇವ್ ಎತ್ತರಿಸಿ, ಸೀಸದ ತಗಡಿನ ತಗ್ಗು ಸೂರು ಹಾಕಿರುತ್ತಾರೆ.

ಇನ್ನೊಂದು ವಿಷಯ. ಆಗೆಲ್ಲ ಚಾನ್ಸೆಲ್‌ನ (ಪೂರ್ವದ ಪೂಜಾಭಾಗದ) ದುರಸ್ತಿ ರೆಕ್ಟರ್‌ನ, ಅಂದರೆ ಚರ್ಚ್‌ನ ಆದಾಯ ಪಡೆಯುವವನ ಪಾಲಾಗಿತ್ತು, ನೇವ್‌ನದು ಊರವರ ಪಾಲು. ಎರಡೂ ಬೇರೆ ಬೇರೆ ಕಾಲದ್ದಾಗಿರುವುದಕ್ಕೆ ಅದೂ ಒಂದು ಕಾರಣ.

ಉತ್ತರ 2
ಕ್ರುಸೇಡ್ ಮಾತು ಬಿಡಿ, ಅದು ಹಳೇ ಕಟ್ಟುಕಥೆ. 1291ರಲ್ಲಿ ಕ್ರುಸೇಡ್‌ನವರ ಕೊನೆಯ ದೊಡ್ಡ ನೆಲೆ ಏಕರ್ ನಗರ ಬಿದ್ದ ಮೇಲೂ ದಶಕಗಟ್ಟಲೆ ಕಾಲು ಹೆಣೆದ ವಿಗ್ರಹಗಳನ್ನು ಕೆತ್ತಿದ್ದಾರೆ. ಕವಚ ನೋಡಿ. ಮೈಯೆಲ್ಲ ಉಂಗುರ ಹೆಣಿಗೆಯಾದರೆ ಹೆಚ್ಚಾಗಿ 13ನೇ ಶತಮಾನ. ಮೊಣಕಾಲಿಗೆ ಚಿಪ್ಪು ಬಂದಿದ್ದರೆ ಆ ಶತಮಾನದ ಕೊನೆ ಅಥವಾ ಮುಂದಿನದು. ಪೂರ್ತಿ ತಗಡಿನ ಕವಚ 1400ರ ಆಸುಪಾಸಿನಿಂದ. ಸಿಂಹಾಸನಕ್ಕಾಗಿ ಕಾದಾಡಿದ ಎರಡು ರಾಜಮನೆತನಗಳ ಗುರುತೂ ಸಿಗಬಹುದು: ಕೊರಳಲ್ಲಿ ಎಸ್ ಅಕ್ಷರಗಳ ಸರವಿದ್ದರೆ ಹೆಚ್ಚಾಗಿ ಲ್ಯಾಂಕಾಸ್ಟರ್ ಪಕ್ಷದವನು. ಸೂರ್ಯ-ಗುಲಾಬಿಯ ಸರವಾದರೆ ಯಾರ್ಕ್ ಪಕ್ಷ, ಅಂದರೆ 1461–85.

ಕಲ್ಲು ಅಲಾಬಾಸ್ಟರ್ ಆಗಿದ್ದರೆ ಒದ್ದೆ ಬಟ್ಟೆ ಸೋಕಿಸಲೇಬಾರದು. ಅದು ಜಿಪ್ಸಮ್, ಉಗುರಿಗೂ ಗೀರಾಗುತ್ತೆ, ನೀರಿಗೆ ನಿಧಾನವಾಗಿ ಕರಗುತ್ತೆ.

ಪ್ರಶ್ನೆ ಕೇಳಿದವರು
ಉತ್ತರ ದಿಕ್ಕಿನ ಕಮಾನಿನ ಅಂಕುಡೊಂಕು ಕೆತ್ತನೆಯ ಅಂಚುಗಳು ನಿನ್ನೆ ಕೆತ್ತಿದಷ್ಟು ಚೂಪಾಗಿವೆ. ಇದು ಸರಿಯೇ?

ಉತ್ತರ 3
ಅನುಮಾನ ಪಡಬೇಕಾದ್ದೇ. ವಿಕ್ಟೋರಿಯಾ ಕಾಲದವರು ಮಾಸಿದ ಕೆತ್ತನೆಯನ್ನು ಮತ್ತೆ ಕಡೆದು ಚೂಪು ಮಾಡುತ್ತಿದ್ದರು, ಇಲ್ಲವೇ ಕಲ್ಲನ್ನೇ ಬದಲಿಸುತ್ತಿದ್ದರು. ಪಕ್ಕದಿಂದ ಬೆಳಕು ಬಿದ್ದ ಫೋಟೊ ಹುಡುಕಿ: ನಾರ್ಮನ್ (ಅರ್ಧವೃತ್ತದ ಕಮಾನಿನ ಕಾಲದ) ಕಲ್ಲಿನ ಮೇಲೆ ಕೊಡಲಿಯ ಓರೆ ಗೀರುಗಳು ಒಂದರಂತೆ ಒಂದಿರುವುದಿಲ್ಲ, 19ನೇ ಶತಮಾನದ ಗೀರುಗಳು ಬಾಚಣಿಗೆ ಎಳೆದ ಹಾಗೆ ಸಮವಾಗಿರುತ್ತವೆ. ಗಾರೆ ಕೆರೆದು ಕಲ್ಲು ಬೋಳಾಗಿಸಿದ್ದರೆ ಅದೂ ಅವರದೇ ಕೆಲಸ. ದುರಸ್ತಿಗೆ ಮುಂಚಿನ ನಕ್ಷೆ ಬೇಕಿದ್ದರೆ ಲಂಡನ್ನಿನ ಲ್ಯಾಂಬೆತ್ ಪ್ಯಾಲೆಸ್ ಲೈಬ್ರರಿ ನೋಡಿ. 1818ರಲ್ಲಿ ಶುರುವಾದ ಚರ್ಚ್ ಬಿಲ್ಡಿಂಗ್ ಸೊಸೈಟಿಗೆ ಅನುದಾನ ಕೇಳಿ ಕಳಿಸಿದ ನಕ್ಷೆಗಳು ಅಲ್ಲಿವೆ.